ಮರವಿಲ್ಲದ ದ್ವೀಪದಲ್ಲಿ ಮೂರೆಳೆಯ ಜಡೆ

ರನ್‌ವೇ ದಾಟುವ ರಸ್ತೆ

ಶೆಟ್ಲೆಂಡಿನಲ್ಲಿ ಮರಗಳಿಲ್ಲ. ಇದನ್ನು ಮೊದಲು ಗಮನಿಸಿದ್ದು ನಾನಲ್ಲ, ನಮ್ಮತ್ತೆ. ಸ್ಕಾಟ್ಲೆಂಡಿನ ಉತ್ತರಕ್ಕೆ, ನಡುಸಮುದ್ರದಲ್ಲಿ ಚೆಲ್ಲಿಬಿದ್ದ ಆ ದ್ವೀಪಗಳ ಮೇಲೆ ನಮ್ಮ ಪುಟ್ಟ ವಿಮಾನ ಓಲಾಡುತ್ತ ಇಳಿಯುವಾಗ ನಾನು ಕಣ್ಣು ಮುಚ್ಚಿ ಸೀಟಿನ ಕೈಯನ್ನು ಗಟ್ಟಿಯಾಗಿ ಹಿಡಿದು ಕೂತಿದ್ದೆ. ಅತ್ತೆ ಕಿಟಕಿಗೆ ಹಣೆ ಒತ್ತಿ ಕೆಳಗೆ ನೋಡುತ್ತಿದ್ದರು.

“ಸುಮಾ, ಒಂದು ಮರನೂ ಕಾಣ್ತಿಲ್ಲವಲ್ಲೆ. ಇವ್ರು ಸೌದೆಗೆ ಎಂತ ಮಾಡ್ತಾರೆ?”

“ಗೊತ್ತಿಲ್ಲ ಅತ್ತೆ. ವಿಮಾನ ಇಳಿದ ಮೇಲೆ ಕೇಳೋಣ.”

“ನೀ ಕಣ್ಣು ಬಿಡು ಮೊದ್ಲು. ಇಷ್ಟು ದೂರ ಬಂದು ಕಣ್ಣು ಮುಚ್ಕಂಡು ಕೂತ್ರೆ ಹೆಂಗೆ?”

ಅತ್ತೆಯ ಹೆಸರು ನಾಗಮ್ಮ. ಅದುವರೆಗೆ ಸಿದ್ದಾಪುರ ಬಿಟ್ಟು ಅವರು ಹೋದ ಅತಿ ದೂರದ ಊರು ಧರ್ಮಸ್ಥಳ. ಬೆಂಗಳೂರಿನಿಂದ ಲಂಡನ್ನಿಗೆ, ಅಲ್ಲಿಂದ ಅಬರ್ಡೀನಿಗೆ, ಅಲ್ಲಿಂದ ಇಲ್ಲಿಗೆ ಮೂರು ವಿಮಾನ ಹತ್ತಿ ಇಳಿದರೂ ಅವರ ಸೀರೆಯ ನೆರಿಗೆ ಕದಲಿರಲಿಲ್ಲ. ನಾನು ಮೂರು ಸಲ ವಾಂತಿ ಮಾಡಿಕೊಂಡಿದ್ದೆ.

ಅಲ್ಲಿನ ವಿಮಾನ ನಿಲ್ದಾಣದ ಒಂದು ವಿಶೇಷವೆಂದರೆ ಊರಿಗೆ ಹೋಗುವ ಡಾಂಬರು ರಸ್ತೆ ರನ್‌ವೇಯನ್ನೇ ಅಡ್ಡ ಹಾಯುತ್ತದೆ. ವಿಮಾನ ಬರುವಾಗ ಗೇಟು ಬೀಳುತ್ತದೆ. ಕಾರು, ಸೈಕಲ್ಲು ಎಲ್ಲ ನಿಂತು ಕಾಯುತ್ತವೆ. ಹೆಣಿಗೆ ಕಲಿಸಲೆಂದು ನನ್ನನ್ನು ಆಹ್ವಾನಿಸಿ, ಈಗ ಕರೆದೊಯ್ಯಲು ಬಂದ ಇಂಗಾಳ ಕಾರೂ ಹಾಗೆ ನಿಂತಾಗ ಅತ್ತೆಗೆ ಬಹಳ ಸಮಾಧಾನವಾಯಿತು. “ನಮ್ಮ ತಾಳಗುಪ್ಪದ ರೈಲ್ವೆ ಗೇಟ್ ಇದ್ದಂಗೇ ಅದೆ” ಎಂದರು. ಪರದೇಶ ಎಂಬ ಅಂಜಿಕೆ ಅವರಿಗೆ ಇದ್ದದ್ದೇ ಅಲ್ಪ, ಅದೂ ಅಲ್ಲಿಗೆ ಮುಗಿಯಿತು.

ನನ್ನ ಸಮಾಧಾನ ಮಾತ್ರ ನಿಲ್ದಾಣದಲ್ಲೇ ಹೋಗಿತ್ತು. ಎರಡು ಚೀಲಗಳಲ್ಲಿ ಒಂದೇ ಬಂದಿತ್ತು. ಬಂದದ್ದು ಅತ್ತೆಯದು: ಸೀರೆಗಳು, ಅಪ್ಪೆಮಿಡಿ ಉಪ್ಪಿನಕಾಯಿ, ಚಿತ್ತಾರ ಬರೆಯುವ ಪುಂಡಿನಾರಿನ ಕುಂಚ. ಬಾರದೆ ಉಳಿದದ್ದು ನನ್ನದು. ಮರುದಿನದ ತರಗತಿಯಲ್ಲಿ ತೋರಿಸಲು ಹೆಣೆದಿದ್ದ ಟೋಪಿ, ಕೈಗವಸು, ಸ್ವೆಟರ್ ಎಲ್ಲ ಅದರಲ್ಲಿದ್ದವು.

ಇಂಗಾಳ ಕಾರಿನಲ್ಲಿ

ನಾನು ಮಾಡುವ ಕೆಲಸವನ್ನು ಊರಲ್ಲಿ ವಿವರಿಸುವುದು ಕಷ್ಟ. “ಸ್ವೆಟರ್ ಮಾರ್ತೀಯಾ?” ಎಂದು ಕೇಳುತ್ತಾರೆ. ಇಲ್ಲ, ಸ್ವೆಟರ್ ಹೆಣೆಯುವುದು ಹೇಗೆ ಎಂದು ಬರೆದ ಕಾಗದ ಮಾರುತ್ತೇನೆ ಎಂದರೆ ಪಾಪ ಎನ್ನುವಂತೆ ನೋಡುತ್ತಾರೆ. ಅದೇ ನಿಜ. ಚೌಕಳಿ ಹಾಳೆಯ ಮೇಲೆ ಯಾವ ಸಾಲಿನಲ್ಲಿ ಯಾವ ಬಣ್ಣದ ಕುಣಿಕೆ ಬರಬೇಕು ಎಂದು ಗುರುತು ಹಾಕಿ, ಮೊದಲು ನಾನೇ ಹೆಣೆದು ನೋಡಿ, ಸರಿ ಎನಿಸಿದ ಮೇಲೆ ಇಂಟರ್ನೆಟ್ಟಿನಲ್ಲಿ ಇಡುತ್ತೇನೆ. ನಾನು ಎಂದೂ ಕಾಣದ ಊರುಗಳ ಹೆಂಗಸರು ಅದನ್ನು ನೋಡಿ ಹೆಣೆಯುತ್ತಾರೆ.

ನಾನು ಹುಟ್ಟಿದ್ದು ಯಲ್ಲಾಪುರದಲ್ಲಿ, ಹೆದ್ದಾರಿ ಬದಿಯ ಮನೆಯಲ್ಲಿ. ಚಳಿಗಾಲದಲ್ಲಿ ಮುಂಡಗೋಡಿನ ಟಿಬೆಟನ್ ಹೆಂಗಸೊಬ್ಬರು ನಮ್ಮ ಜಗಲಿಯ ಎದುರು ಸ್ವೆಟರ್ ಹರವಿಕೊಂಡು ಕೂರುತ್ತಿದ್ದರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವರು ಹೆಣಿಗೆಯ ಕಡ್ಡಿ ಹಿಡಿಯುವುದನ್ನು ನೋಡಿ ನೋಡಿ ಕಲಿತೆ. ನನ್ನ ಮೊದಲ ವಿನ್ಯಾಸ ಒಂದು ಕೈಗವಸು. ಅದರ ನಮೂನೆ ಬಂದದ್ದು ಲಾರಿಗಳ ಹಿಂದಿನ ಹಲಗೆಯಿಂದ. ಕೆಂಪು, ಹಳದಿ, ಹಸಿರು ತ್ರಿಕೋನಗಳು. ಮರದ ನಾಟಾ ತುಂಬಿದ ಲಾರಿ ಚಹಾಕ್ಕೆಂದು ನಿಂತರೆ ಓಡಿಹೋಗಿ ಬರೆದುಕೊಳ್ಳುತ್ತಿದ್ದೆ. ಇಂದಿಗೂ ನನ್ನ ದಿನ ಹೀಗೆಯೇ. ಸಿರಸಿ ಬಸ್ಸಿನಲ್ಲಿ ಮುಂದಿನ ಸೀಟಿನವರ ಸೆರಗಿನ ಅಂಚು ಚೆನ್ನಾಗಿದ್ದರೆ ಇಳಿಯುವ ಸ್ಟಾಪು ತಪ್ಪುತ್ತದೆ.

ಆದರೆ ನನಗೆ ಹೆಸರು ತಂದದ್ದು ಲಾರಿಯಲ್ಲ, ನಮ್ಮತ್ತೆಯ ಗೋಡೆ. ದೀವರ ಸಮುದಾಯದ ಮದುವೆಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಅರೆದ ಅಕ್ಕಿಯ ಬಿಳಿಯಲ್ಲಿ ಹೆಂಗಸರು ಗೆರೆಗೆರೆಯಾಗಿ ಚಿತ್ತಾರ ಬರೆಯುತ್ತಾರೆ. ನಮ್ಮ ಸುತ್ತಿನಲ್ಲಿ ಅತ್ತೆಯಷ್ಟು ನೇರವಾಗಿ ಎಳೆ ಎಳೆಯುವವರು ಇನ್ನೊಬ್ಬರಿಲ್ಲ. ಆ ಚಿತ್ತಾರದ ಅಂಚಿಗೆ ಬರುವ ಜೋಗಿಜಡೆ ಎಂಬ ಹೆಣಿಗೆಯನ್ನು ನಾನು ಮೊದಲು ಟೋಪಿಗೆ, ಆಮೇಲೆ ಸ್ವೆಟರಿನ ಎದೆಗೆ ತಂದೆ. ನನ್ನ ಬೇರೆ ಯಾವ ವಿನ್ಯಾಸವೂ ಅಷ್ಟು ಜನರನ್ನು ತಲುಪಿರಲಿಲ್ಲ. ಅದನ್ನು ಹೆಣೆದವರಲ್ಲಿ ಇಂಗಾ ಒಬ್ಬಳು. ತನ್ನ ಊರಿನ ಸಭಾಭವನದಲ್ಲಿ ಎರಡು ದಿನ ಕಲಿಸಲು ಬನ್ನಿ ಎಂದು ಬರೆದಳು. ಇದು ನಮ್ಮ ಅತ್ತೆ ಗೋಡೆಗೆ ಬರೆಯುವ ಚಿತ್ರ ಎಂದು ನಾನು ಹಿಂದೊಮ್ಮೆ ತಿಳಿಸಿದ್ದೆನಾದ್ದರಿಂದ, ಅತ್ತೆಯೂ ಬರಲೇಬೇಕು ಎಂದು ಹಟ ಹಿಡಿದಳು. ಅತ್ತೆ ಒಂದೇ ಮಾತು ಕೇಳಿದ್ದರು: “ಅಲ್ಲಿ ಗೋಡೆ ಅದ್ಯಾ?”

ಕೆಮ್ಮಣ್ಣಿನ ಗಂಟನ್ನು ಬೆಂಗಳೂರಿನಲ್ಲೇ ಬಿಟ್ಟುಬಂದಿದ್ದೆವು. ಮಣ್ಣನ್ನು ಗಡಿ ದಾಟಿಸುವಂತಿಲ್ಲ. ಅತ್ತೆಗೆ ಅದು ನ್ಯಾಯವೆನಿಸಲಿಲ್ಲ.

ಇಂಗಾಳಿಗೆ ಅರವತ್ತರ ಮೇಲೆ. ಎತ್ತರದ ಆಳು, ಹಳದಿ ರೇನ್‌ಕೋಟು, ದೊಡ್ಡ ನಗು. ಕಾರು ಓಡಿಸುತ್ತಲೇ ಒಂದು ಕೈ ಹಿಂದಕ್ಕೆ ಚಾಚಿ ಅತ್ತೆಯ ಶಾಲನ್ನು ಮುಟ್ಟಿ ನೋಡಿದಳು. ಅತ್ತೆಯೂ ಬಗ್ಗಿ ಅವಳ ಟೋಪಿ ಮುಟ್ಟಿ ನೋಡಿದರು. ಪರಿಚಯ ಅಷ್ಟೇ. ನಾನು ಕಳೆದ ಚೀಲದ ಬಗ್ಗೆ ಗೋಳಾಡುತ್ತಿದ್ದರೆ ಇಂಗಾ, “ಇರಲಿ ಬಿಡಿ. ನಿಮ್ಮ ಸ್ವೆಟರ್ ನನ್ನ ಮೈಮೇಲೆ ಇದೆಯಲ್ಲ” ಎಂದು ಕೋಟಿನ ಮೇಲಿನಿಂದಲೇ ಎದೆ ತಟ್ಟಿಕೊಂಡಳು.

ಮಣ್ಣು ಉರಿಸುವ ಅಡುಗೆಮನೆ

ಸೌದೆಯ ಪ್ರಶ್ನೆಗೆ ಉತ್ತರ ಇಂಗಾಳ ಅಡುಗೆಮನೆಯಲ್ಲಿ ಸಿಕ್ಕಿತು. ಅವರ ಒಲೆಯಲ್ಲಿ ಉರಿಯುವುದು ಮಣ್ಣು. ಜೌಗು ನೆಲದ ಕಪ್ಪು ಮಣ್ಣನ್ನು ಇಟ್ಟಿಗೆಯಂತೆ ಕೊಯ್ದು, ಬೇಸಗೆಯಲ್ಲಿ ಒಣಗಿಸಿ, ಮನೆಯ ಪಕ್ಕ ಒಟ್ಟಿರುತ್ತಾರೆ. ಅತ್ತೆ ಒಂದು ತುಂಡು ಕೈಗೆತ್ತಿಕೊಂಡು ಮೂಸಿದರು. “ನಮ್ಮ ಮಣ್ಣು ತರಂಗಿಲ್ಲ ಅಂದ್ರು. ಇವ್ರು ನೋಡು, ತಮ್ಮ ಮಣ್ಣು ಸುಟ್ಟುಬಿಡ್ತಾರೆ.”

ಇಂಗಾ ಸೊಂಟಕ್ಕೆ ಚರ್ಮದ ಪಟ್ಟಿ ಕಟ್ಟಿಕೊಂಡೇ ಓಡಾಡುತ್ತಾಳೆ. ಕುದುರೆಕೂದಲು ತುಂಬಿದ ಆ ಪಟ್ಟಿಯ ತುಂಬ ತೂತುಗಳು. ಒಂದು ತೂತಿಗೆ ಕಡ್ಡಿಯ ತುದಿ ಚುಚ್ಚಿಕೊಂಡರೆ ಒಂದು ಕೈಗೆ ಬಿಡುವು ಸಿಗುತ್ತದೆ. ಹಾಗೆ ಹೆಣೆಯುತ್ತಲೇ ಅವಳು ಕೋಳಿಗೆ ಕಾಳು ಹಾಕಿದಳು, ಸೂಪು ತಿರುವಿದಳು, ಬೇಲಿಯಾಚೆ ನಿಂತ ತಮ್ಮ ಮ್ಯಾಗ್ನಸ್ಸನಿಗೆ ಏನೋ ಬೈದಳು. ಬೆರಳು ಓಡುವ ವೇಗಕ್ಕೆ ನನ್ನ ಕಣ್ಣು ಸೋತಿತು. ಹೆಣಿಗೆಯ ಬಗ್ಗೆ ಕಲಿಸಲು ಬಂದವಳು ನಾನು ಎಂಬುದು ನೆನಪಾಗಿ ಎರಡೂ ಕೈಗಳನ್ನು ಮಡಿಲಲ್ಲಿ ಅಡಗಿಸಿಕೊಂಡೆ.

ಅವರ ಮಾತಿನಲ್ಲಿ ಒಂದು ಸಂಗತಿ ನನಗೆ ಖುಷಿ ಕೊಟ್ಟಿತು. ನಾವು ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ ಒಂದೇ ಪದ. ಈ ದ್ವೀಪದವರು ಹಾಗಲ್ಲ. ಹತ್ತಿರದವರಿಗೆ “ದು” ಎನ್ನುತ್ತಾರೆ, ನಮ್ಮ ಏಕವಚನದ ಹಾಗೆ. ಇಂಗಾ ನನಗೆ ಮರ್ಯಾದೆ ಕೊಟ್ಟೇ ಮಾತಾಡುತ್ತಿದ್ದಳು. ಅತ್ತೆಗೆ ಬಾಗಿಲಲ್ಲೇ “ದು” ಎಂದಳು. ಅತ್ತೆ ಕನ್ನಡದಲ್ಲಿ, “ಏ, ನೀನೂ ಕೂತ್ಕಳೆ, ಊಟ ಮಾಡು” ಎಂದರು. ಇಬ್ಬರೂ ಎದುರುಬದುರು ಕೂತು ಸೂಪಿನ ಜೊತೆ ಅಪ್ಪೆಮಿಡಿ ನೆಂಚಿಕೊಂಡರು. ಇಂಗಾಳ ಕಣ್ಣಲ್ಲಿ ನೀರು ಬಂತು. ಆದರೂ ಎರಡನೇ ಮಿಡಿ ಕೇಳಿ ಹಾಕಿಸಿಕೊಂಡಳು.

ಸಭಾಭವನ, ಮೊದಲ ದಿನ

ಇಪ್ಪತ್ತು ಹೆಂಗಸರು ಬಂದಿದ್ದರು. ಶಾಲೆ ಬಸ್ಸು ಓಡಿಸುವವಳು, ಮೀನಿನ ಕಾರ್ಖಾನೆಯವಳು, ನಾರ್ವೆಯಿಂದ ಹಡಗಿನಲ್ಲಿ ಬಂದ ಅಕ್ಕತಂಗಿಯರು. ಬಾಗಿಲಿಗೆ ನನ್ನ ಮುಖ ಅಚ್ಚಾದ ಪೋಸ್ಟರು ಅಂಟಿಸಿದ್ದರು. ಹೆಮ್ಮೆಯಿಂದ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ತೋರಿಸಲು ನನ್ನ ಬಳಿ ಏನೂ ಇರಲಿಲ್ಲವಾದ್ದರಿಂದ ಇಂಗಾ ತನ್ನ ಸ್ವೆಟರ್ ಬಿಚ್ಚಿ ಮೇಜಿನ ಮೇಲೆ ಹರಡಿದಳು. ಸಂಜೆಗೆಂಪು, ಕೆನೆ ಬಿಳಿ. ಎದೆಯ ಸುತ್ತ ನನ್ನ ಜೋಗಿಜಡೆ. ಒಂದು ಚಳಿಗಾಲವಿಡೀ ಹೆಣೆದದ್ದು. ಎಲ್ಲರೂ ಬಗ್ಗಿ ನೋಡಿದರು. ಅತ್ತೆ ಕನ್ನಡಕ ಏರಿಸಿಕೊಂಡು ಎಲ್ಲರಿಗಿಂತ ಹತ್ತಿರ ಬಗ್ಗಿದರು. ಬೆರಳಿಟ್ಟು ಒಂದು ಗೆರೆಯ ಮೇಲೆ ಸರಿಸುತ್ತ ಹೋದರು. ಮತ್ತೆ ಮೊದಲಿನಿಂದ ಸರಿಸಿದರು. ಆಮೇಲೆ ಕನ್ನಡಕ ತೆಗೆದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟರು.

ಪಾಠ ಚೆನ್ನಾಗಿಯೇ ನಡೆಯಿತು. ಆದರೆ ನನ್ನ ಕಣ್ಣು ಪದೇ ಪದೇ ಕಿಟಕಿಯ ಕಡೆಗೇ ಹೋಗುತ್ತಿತ್ತು. ಚಹಾದ ಬಿಡುವಿನಲ್ಲಿ ಅತ್ತೆಗೆ ಕೇಕು ಒಯ್ದು ಕೊಟ್ಟೆ.

“ಎಂತ ಆತು ಅತ್ತೆ?”

“ಅದು ಜಡೆ ಅಲ್ಲ ಸುಮಾ.”

“ಅಲ್ಲ ಅಂದ್ರೆ?”

“ಎರಡು ಎಳೆ ಅದೆ. ನಡೂಗಿಂದು ಎಲ್ಲಿ ಹೋತು? ಎರಡು ಕಾಲಲ್ಲಿ ಜಡೆ ಹೆಣೆಯಕಾಗ್ತದೇನೆ?”

ನನಗೆ ಉತ್ತರ ಗೊತ್ತಿತ್ತು. ನಡುವಿನ ಎಳೆಯನ್ನು ತೆಗೆದವಳು ನಾನೇ. ಮೂರೆಳೆ ಇಟ್ಟರೆ ನಮೂನೆ ಮೂವತ್ತು ಕುಣಿಕೆಯಾಗುತ್ತಿತ್ತು, ಟೋಪಿಯ ಸುತ್ತಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಒಂದು ತೆಗೆದರೆ ಇಪ್ಪತ್ತನಾಲ್ಕು, ಸರಾಗ. ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡಿದ್ದೆ. ಹೆಣೆದದ್ದನ್ನು ಅತ್ತೆಯ ಕೈಗೆ ಕೊಟ್ಟಿರಲಿಲ್ಲ, ಫೋನಿನಲ್ಲಿ ಚಿತ್ರ ತೋರಿಸಿದ್ದೆ, ದೂರದಿಂದ, ಚಿಕ್ಕದಾಗಿ. “ಚಂದ ಅದೆ” ಎಂದಿದ್ದರು.

ಅವರು ಎದ್ದು ಬಾಗಿಲಿನ ಪೋಸ್ಟರಿನ ಹತ್ತಿರ ಹೋದರು. “ಇಲ್ಲೆಂತ ಬರದಾರೆ?”

ನಾನು ಓದಿ ಹೇಳಿದೆ. “ಜೋಗಿಜಡೆ. ವಿನ್ಯಾಸ: ಸುಮಾ ನಾಯ್ಕ.”

ಓದುವಾಗಲೇ ಮುಖ ಬಿಸಿಯಾಯಿತು. ಅಲ್ಲಿ ಇನ್ನೊಂದು ಹೆಸರು ಇರಬೇಕಿತ್ತು ಎಂಬುದು ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಹೊಳೆದಿತ್ತು, ಆಮೇಲೆ ನೋಡೋಣ ಎಂದು ಬಿಟ್ಟಿದ್ದೆ. “ನಿಮ್ಮ ಹೆಸರೂ ಹಾಕಬೇಕಿತ್ತು ಅತ್ತೆ” ಎಂದೆ.

“ನಿಂದೇ ಇರ್ಲಿ ಬಿಡು” ಎಂದರು ಅತ್ತೆ, ಸಿಟ್ಟಿಲ್ಲದೆ. “ತಪ್ಪು ಮಾಡಿದ್ದು ನೀನೇ ಅಲ್ಲನೆ.”

ಟಗರಿನ ಕೆಂಪು

ಆ ಮಧ್ಯಾಹ್ನ ಇಂಗಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಬೇಜಾರು ಮಾಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ: “ಹಾಗಾದರೆ ಸರಿಯಾದದ್ದು ಹೇಗಿರುತ್ತದೆ? ನೋಡಬೇಕಲ್ಲ.”

ಅತ್ತೆಗೆ ಅದನ್ನು ಕನ್ನಡದಲ್ಲಿ ತಿಳಿಸಿದೆ. “ಬರೀತೀನಿ. ಕೆಂಪು ಎಲ್ಲಿಂದ ತರದು?”

ಕೆಂಪನ್ನು ಒದಗಿಸಿದವನು ಇಂಗಾಳ ತಮ್ಮ ಮ್ಯಾಗ್ನಸ್. ಅವನ ಕುರಿಕೊಟ್ಟಿಗೆಯಲ್ಲಿ ಒಂದು ಡಬ್ಬಿ ಇತ್ತು, ತುಂಬ ಇಟ್ಟಿಗೆಗೆಂಪಿನ ಪುಡಿ. ಅದನ್ನು ಕಲಸಿ ಟಗರಿನ ಎದೆಗೆ ಬಳಿಯುತ್ತಾರಂತೆ. ಯಾವ ಹೆಣ್ಣುಕುರಿಯ ಬೆನ್ನಿಗೆ ಕೆಂಪು ಹತ್ತಿದೆಯೋ ಅದಕ್ಕೆ ಟಗರಿನ ಸಂಗವಾಗಿದೆ ಎಂದು ಲೆಕ್ಕ. ಇದನ್ನು ಅತ್ತೆಗೆ ಹೇಗೆ ಹೇಳುವುದೆಂದು ನಾನು ತಡವರಿಸುವಷ್ಟರಲ್ಲಿ ಮ್ಯಾಗ್ನಸ್ ಎರಡು ಕೈಗಳಲ್ಲಿ ಅಭಿನಯಿಸಿ ತೋರಿಸಿಯೇಬಿಟ್ಟ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣೀರು ಬರುವಷ್ಟು ನಕ್ಕರು. “ಮದುವೆ ಚಿತ್ತಾರಕ್ಕೆ ಇದಕ್ಕಿಂತ ಒಳ್ಳೆ ಬಣ್ಣ ಯಾವ್ದು ಸಿಗ್ತದೆ, ಹೇಳು.”

ಬಿಳಿಗೆ ಪಾಯಸದ ದುಂಡಕ್ಕಿ ಸಿಕ್ಕಿತು. ಇಂಗಾಳ ಕಾಫಿಬೀಜದ ಯಂತ್ರದಲ್ಲಿ ಪುಡಿಮಾಡಿ ನೀರಲ್ಲಿ ಕಲಸಿದೆವು. ಗೋಡೆಯ ಬದಲು ಸಭಾಭವನದ ನಾಟಕಕ್ಕೆಂದು ಇಟ್ಟಿದ್ದ ಪ್ಲೈವುಡ್ಡಿನ ದೊಡ್ಡ ಹಲಗೆ. ಅದನ್ನು ಇಂಗಾಳ ಮನೆಗೆ ತಂದು, ಕೆಂಪು ಬಳಿದು ಒಲೆಯ ಪಕ್ಕ ಒಣಗಿಸಿದ ಮೇಲೆ, ಅತ್ತೆ ನೆಲದ ಮೇಲೆ ಕೂತು ಪುಂಡಿನಾರನ್ನು ಬಿಳಿಗೆ ಅದ್ದಿದರು.

ಗೆರೆಯೊಂದು ಶುರುವಾದರೆ ಅತ್ತೆ ಉಸಿರು ಬಿಡುವುದು ಅದು ಮುಗಿದ ಮೇಲೆಯೇ. ಮದುವೆಯಾಗಿ ಬಂದ ದಿನದಿಂದ ಇದನ್ನು ನೋಡಿದ್ದೇನೆ. ಆದರೆ ನನ್ನ ಗಮನ ಯಾವಾಗಲೂ ಮುಗಿದ ಚಿತ್ರದ ಮೇಲೇ ಇತ್ತು. ಅಂದು, ಅವರ ಪಕ್ಕ ಮಂಡಿಯೂರಿ ಬಣ್ಣದ ಬಟ್ಟಲು ಹಿಡಿದು, ಮೊದಲ ಬಾರಿಗೆ ಅವರು ಬರೆಯುವ ಕ್ರಮವನ್ನು ನೋಡಿದೆ. ಅವರು ಮೊದಲು ಎಳೆಯುವುದೇ ನಡುವಿನ ಎಳೆ. ಆಚೆ ಈಚೆಯ ಎರಡೂ ಅದನ್ನು ಹಿಡಿದುಕೊಂಡು ಬಾಗುತ್ತವೆ. ನಾನು ಬಿಟ್ಟದ್ದು ಒಂದು ಗೆರೆಯನ್ನಲ್ಲ, ಮೊದಲ ಗೆರೆಯನ್ನು.

ಇಂಗಾ ಹೆಣಿಗೆ ಪಕ್ಕಕ್ಕಿಟ್ಟು ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ತನ್ನ ಸ್ವೆಟರಿನ ಒಳಮಗ್ಗುಲನ್ನು ಹೊರಗೆ ಮಾಡಿ ನನ್ನ ಮುಂದೆ ಹಿಡಿದಳು. ಎರಡು ಬಣ್ಣದಲ್ಲಿ ಹೆಣೆಯುವಾಗ ಕೆಲಸವಿಲ್ಲದ ಬಣ್ಣದ ನೂಲು ಹಿಂಬದಿಯಲ್ಲಿ ಅಡ್ಡಹಾದು ಹೋಗುತ್ತದೆ. ನನ್ನ ಎರಡೆಳೆಗಳು ದೂರವಾಗುವ ಕಡೆಯಲ್ಲೆಲ್ಲ ಆ ನೂಲು ಉದ್ದುದ್ದ ಜೋತುಬಿದ್ದಿತ್ತು.

“ತೊಡುವಾಗಲೆಲ್ಲ ಇದಕ್ಕೆ ಬೆರಳು ಸಿಕ್ಕಿಕೊಳ್ಳುತ್ತದೆ” ಎಂದಳು ಇಂಗಾ. “ನಡುವೆ ಇನ್ನೊಂದು ಬಿಳಿ ಎಳೆ ಬಂದರೆ ಜೋತುಬೀಳುವುದೇ ಇಲ್ಲ. ನೀನು ಸುಲಭ ಮಾಡಲು ಹೋಗಿ ಕಷ್ಟ ಮಾಡಿದ್ದೀಯೆ.”

ಅವಳು ಆಗ ನನಗೂ “ದು” ಎಂದಿದ್ದನ್ನು ಗಮನಿಸಿದೆ.

ಚೌಕಳಿ ಹಾಳೆ ತೆಗೆದು ಕೂತೆವು. ಟೋಪಿಯ ಸುತ್ತಿಗೆ ನೂರ ನಲವತ್ತನಾಲ್ಕು ಕುಣಿಕೆ, ಆರು ಜಡೆ, ಇದು ನಾನು ಬಿಡಲು ಒಪ್ಪದ ಲೆಕ್ಕ. ಇಂಗಾ ಆರನ್ನು ಹೊಡೆದುಹಾಕಿ ಐದು ಎಂದು ಬರೆದಳು. ಐದು ಜಡೆ, ಒಂದೊಂದಕ್ಕೆ ಮೂವತ್ತು, ಒಟ್ಟು ನೂರೈವತ್ತು. ಆರು ಕುಣಿಕೆ ಹೆಚ್ಚಾದರೆ ಯಾವ ತಲೆಗೂ ತೊಂದರೆಯಿಲ್ಲ. ಮೂರು ವರ್ಷ ನನ್ನನ್ನು ಕಾಡಿದ ಗಂಟು ಒಂದು ಅಂಕೆಯಲ್ಲಿ ಬಿಚ್ಚಿಹೋಯಿತು. ನಾನು ಎದ್ದುನಿಂತು ಇಂಗಾಳನ್ನು ಅಪ್ಪಿಕೊಂಡೆ. ಅತ್ತೆ ತಲೆಯೆತ್ತದೆ, “ಬಟ್ಟಲು ಹಿಡ್ಕಳೆ, ಎಳೆ ಒಣಗ್ತದೆ” ಎಂದರು.

ಸಭಾಭವನ, ಎರಡನೇ ದಿನ

ಬೆಳಿಗ್ಗೆ ಹಲಗೆಯನ್ನು ಮ್ಯಾಗ್ನಸ್ಸನ ಗಾಡಿಯಲ್ಲಿ ಸಾಗಿಸುವಾಗ ಗಾಳಿ ಅದನ್ನು ಹಾಯಿಯಂತೆ ಎತ್ತಿ ಕುರಿಗಳ ಮೇಲೆ ಬೀಳಿಸುವುದರಲ್ಲಿತ್ತು. ನಾವು ನಾಲ್ವರೂ ಅದರ ಮೇಲೆ ಅಡ್ಡಬಿದ್ದು ಉಳಿಸಿಕೊಂಡೆವು. ಅತ್ತೆಯ ಸೀರೆಗೆ ಕೆಂಪು ಹತ್ತಿತು. ಮ್ಯಾಗ್ನಸ್ ಅದನ್ನು ನೋಡಿ ಏನೋ ಹೇಳಬೇಕೆಂದು ಬಾಯಿ ತೆರೆದವನು ಅಕ್ಕನ ಮುಖ ನೋಡಿ ಮುಚ್ಚಿಕೊಂಡ.

ಇಪ್ಪತ್ತು ಜನರ ಮುಂದೆ ನಿಂತು ನೇರವಾಗಿ ಹೇಳಿದೆ. ನೀವು ಕಲಿಯಲು ಬಂದ ನಮೂನೆ ತಪ್ಪು. ನಾನು ಒಂದು ಎಳೆ ಬಿಟ್ಟಿದ್ದೇನೆ, ತಿಳಿದೇ ಬಿಟ್ಟಿದ್ದೇನೆ. ಸರಿಯಾದದ್ದು ಈ ಹಲಗೆಯ ಮೇಲಿದೆ. ಬರೆದವರು ಅಲ್ಲಿ ಕೂತಿದ್ದಾರೆ. ಇದನ್ನು ನನಗಿಂತ ಚೆನ್ನಾಗಿ ಬಲ್ಲವರು ಅವರು.

ಬಸ್ಸು ಓಡಿಸುವ ಹೆಂಗಸು ತನ್ನ ಚೀಲದಿಂದ ಪುಟ್ಟ ಟೋಪಿಯೊಂದನ್ನು ತೆಗೆದು, “ಮೊಮ್ಮಗಳಿಗೆಂದು ಹಳೆಯ ನಮೂನೆಯಲ್ಲೇ ಮುಗಿಸಿಬಿಟ್ಟಿದ್ದೇನೆ. ಇದನ್ನೇನು ಮಾಡಲಿ?” ಎಂದಳು.

ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆ ಟೋಪಿಯನ್ನು ತಿರುಗಿಸಿ ನೋಡಿದರು. “ಹಾಕ್ಕಳ್ಲಿ ಅನ್ನು. ಮಗು ಬೆಚ್ಚಗಿದ್ರೆ ಆತು. ಮುಂದಿನ ಸಲ ಮೂರು ಹಾಕ್ಲಿ.”

ಅದನ್ನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಕುರ್ಚಿಗಳನ್ನು ಎಳೆದ ಸದ್ದಾಯಿತು. ಎಲ್ಲರೂ ಹಲಗೆಯ ಸುತ್ತ ನೆರೆದರು. ಆ ದಿನ ನಾನು ಕಲಿಸಿದ್ದು ಕಡಿಮೆ. ಅತ್ತೆ ಒಬ್ಬೊಬ್ಬರ ಹಿಂದೆ ನಿಂತು, ನಡುವಿನ ಎಳೆ ತಪ್ಪಿದ ಕಡೆ ಭುಜಕ್ಕೆ ಬೆರಳಲ್ಲಿ ಕುಟ್ಟಿ, “ಇಲ್ಲ, ಬಿಚ್ಚು” ಎನ್ನುತ್ತಿದ್ದರು. ಸಂಜೆಯ ಹೊತ್ತಿಗೆ ನಾರ್ವೆಯ ಅಕ್ಕತಂಗಿಯರು ಒಬ್ಬರಿಗೊಬ್ಬರು “ಬಿಚ್ಚು, ಬಿಚ್ಚು” ಎಂದು ಹೇಳಿಕೊಂಡು ನಗುತ್ತಿದ್ದರು. ಶೆಟ್ಲೆಂಡಿನಲ್ಲಿ ಕನ್ನಡದ ಒಂದು ಪದ ಉಳಿದಿದ್ದರೆ ಅದು ಇದೇ ಇರಬೇಕು.

ಮನೆಗೆ ಬಂದ ಮೇಲೆ ಇಂಗಾ ತನ್ನ ಸ್ವೆಟರಿನ ಕೊರಳಿನಿಂದ ನೂಲಿನ ತುದಿ ಹುಡುಕಿ ಎಳೆಯತೊಡಗಿದಳು. ನಾನು ಬೇಡವೆಂದೆ. ಒಂದು ಚಳಿಗಾಲದ ಕೆಲಸ. “ಮತ್ತೊಂದು ಚಳಿಗಾಲ ಬರುತ್ತದಲ್ಲ” ಎಂದಳು. ಅತ್ತೆ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ನೂಲು ಸುತ್ತಲೆಂದು ಎರಡು ಕೈಗಳನ್ನೂ ಮುಂದೆ ಚಾಚಿದರು.

ಅಬರ್ಡೀನಿನಲ್ಲಿ ಕಾಯುವಾಗ

ವಾಪಸ್ಸಿನ ದಾರಿಯಲ್ಲಿ ಲಂಡನ್ ವಿಮಾನ ತಡವೆಂದರು. ನನ್ನ ಚೀಲ ನಾವು ಹೊರಡುವ ದಿನ ಬಂದು ತಲುಪಿತ್ತು, ಒಳಗಿನ ಒಂದು ಗಂಟನ್ನೂ ಬಿಚ್ಚುವ ಅಗತ್ಯ ಬೀಳಲಿಲ್ಲ. ಕಾಯುವ ಕುರ್ಚಿಯಲ್ಲೇ ಲ್ಯಾಪ್‌ಟಾಪ್ ತೆರೆದು ಹೊಸ ಚಾರ್ಟನ್ನು ಮುಗಿಸಿದೆ. ಹಳೆಯದನ್ನು ಕೊಂಡ ಎಲ್ಲರಿಗೂ ಇದನ್ನು ಕಳಿಸಬೇಕು, ಜೊತೆಗೆ ತಪ್ಪೊಪ್ಪಿಗೆಯ ನಾಲ್ಕು ಸಾಲು. ಮೊದಲ ಪುಟದಲ್ಲಿ ನನ್ನ ಹೆಸರಿನ ಮೇಲೆ ‘ಚಿತ್ತಾರ: ನಾಗಮ್ಮ’ ಎಂದು ಬರೆದು ಅತ್ತೆಗೆ ಓದಿ ಹೇಳಿದೆ.

ಅತ್ತೆ ಬೇಡವೆಂದು ತಲೆಯಾಡಿಸಿದರು. “ನಂದು ಬ್ಯಾಡ. ನಮ್ಮವ್ವಂದು ಹಾಕು. ಕಲಿಸಿದ್ದು ಅವ್ಳು.”

ಅವರ ತಾಯಿ ತೀರಿಕೊಂಡದ್ದು ನನ್ನ ಮದುವೆಗೆ ಮುಂಚೆ. ನಾನು ಅತ್ತೆಯ ಮನೆಗೆ ಸೊಸೆಯಾಗಿ ಬಂದು ಹದಿನೆಂಟು ವರ್ಷವಾಗಿತ್ತು. ಆ ಅಜ್ಜಿಯ ಮಾತು ಬಂದಾಗಲೆಲ್ಲ ಅವ್ವ, ಅವ್ವ ಎಂದಷ್ಟೇ ಕೇಳಿದ್ದೆ. ಹೆಸರೇನೆಂದು ಒಂದು ಸಲವೂ ಕೇಳಿರಲಿಲ್ಲ.

“ಅವ್ರ ಹೆಸರೇನು ಅತ್ತೆ?”

ಅತ್ತೆ ಸ್ವಲ್ಪ ಹಿಂಜರಿದರು. “ಹುಚ್ಚಮ್ಮ. ದೇವರ ಹೆಸರು ಅದು. ನಗಬ್ಯಾಡ.”

“ನಗಲ್ಲ.”

“ಎಲ್ಲಾ ನಗೋರು. ಅದಕ್ಕೇ ಅವ್ಳು ಯಾರಿಗೂ ಹೆಸ್ರು ಹೇಳ್ತಿರ್ಲಿಲ್ಲ. ಎಷ್ಟು ಮದುವೆಮನೆಗೆ ಬರದಾಳೆ, ಲೆಕ್ಕ ಇಲ್ಲ. ಎಲ್ಲೂ ಹೆಸ್ರಿಲ್ಲ.”

ಮೊದಲು ಇಂಗ್ಲಿಷಿನಲ್ಲಿ ಬರೆದೆ. ಅದರ ಕೆಳಗೆ, ಓದಬಲ್ಲವರು ಇರಲಿ ಬಿಡಲಿ, ಕನ್ನಡದಲ್ಲಿ ದೊಡ್ಡದಾಗಿ ‘ಹುಚ್ಚಮ್ಮ’ ಎಂದು ಬರೆದೆ. ಅದರ ಪಕ್ಕದಲ್ಲಿ ನಾಗಮ್ಮ ಎಂಬುದನ್ನೂ ಉಳಿಸಿಕೊಂಡೆ. ಅತ್ತೆ ಬೇಡವೆನ್ನಲಿಲ್ಲ. ಪರದೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಸುತ್ತ ಕೂತವರು ತಿರುಗಿ ನೋಡುವಷ್ಟು ಗಟ್ಟಿಯಾಗಿ, ತಾಯಿಯ ಹೆಸರನ್ನು ಓದಿದರು.

“ಇದು ಆ ಇಂಗಾಗೂ ಹೋಗ್ತದ್ಯಾ?”

“ಎಲ್ಲರಿಗೂ ಹೋಗ್ತದೆ ಅತ್ತೆ.”

“ಹಂಗಾರೆ ಕಳ್ಸು.”